ಸ್ಪೀಕರು ಕೆಟ್ಟಿರಲಿಲ್ಲ

ನನ್ನ ಗಂಡ ಪೀಣ್ಯದ ಒಂದು ಫೋರ್ಜಿಂಗ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದರು. ಕೆಂಪಗೆ ಕಾದ ಕಬ್ಬಿಣವನ್ನು ದೊಡ್ಡ ಹ್ಯಾಮರಿನ ಕೆಳಗಿಟ್ಟು ಬಡಿದು ಲಾರಿಯ ಬಿಡಿಭಾಗ ಮಾಡುವ ಕೆಲಸ. ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಕಂಪನಿಯವರು ಇವರನ್ನೂ ಇನ್ನು ಕೆಲವರನ್ನೂ ತರಬೇತಿಗೆಂದು ಜರ್ಮನಿಗೆ ಕಳಿಸಿದರು. ಉಳಿದವರು ವಾಪಸ್ ಬರುವಾಗ ಸೆಂಟು, ಕ್ಯಾಮೆರಾ, ಹೆಂಡತಿಗೆ ಸ್ವೆಟರು ತಂದರು. ಇವರು ಎರಡು ಪೆಟ್ಟಿಗೆ ತಂದರು. ವಿಮಾನ ನಿಲ್ದಾಣದಿಂದ ಲಗ್ಗೆರೆಯ ನಮ್ಮ ಬಾಡಿಗೆ ಮನೆಯವರೆಗೂ ಒಂದನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನೊಂದನ್ನು ನನ್ನ ತೊಡೆಯ ಮೇಲಿಟ್ಟು ಆಟೋದಲ್ಲಿ ತಂದರು. ನನ್ನ ಕಾಲು ಜೋಮು ಹಿಡಿದಿತ್ತು.

ಬಿಚ್ಚಿ ನೋಡಿದರೆ ಸ್ಪೀಕರುಗಳು. ಗಾತ್ರದಲ್ಲಿ ನಮ್ಮ ಹಿಟ್ಟಿನ ಡಬ್ಬಿಗಿಂತ ಸ್ವಲ್ಪ ದೊಡ್ಡವು, ತೂಕ ಮಾತ್ರ ಕಲ್ಲಿನದು. ಮೈಗೆ ಅಕ್ರೋಟ್ ಮರದ ಹೊದಿಕೆ, ಮುಂದೆ ಕಪ್ಪು ಬಟ್ಟೆ. ಬುಕ್‌ಶೆಲ್ಫ್ ಸ್ಪೀಕರ್ ಅಂದರು. ನಾನು ಶೋಕೇಸಿನಲ್ಲಿದ್ದ ಮಗಳ ಗೊಂಬೆ ತೆಗೆದು ಜಾಗ ಮಾಡತೊಡಗಿದೆ.

"ಅಲ್ಲಿ ಇಡಬಾರ್ದು," ಅಂದರು.

"ಹೆಸರೇ ಬುಕ್‌ಶೆಲ್ಫ್ ಅಂತೀರಿ, ಶೆಲ್ಫಿನ್ಯಾಗ ಇಡಬಾರ್ದು ಅಂದ್ರ?"

"ಹೆಸರು ಹಂಗ ಐತಿ. ಗ್ವಾಡಿಗೆ ಹತ್ತಿದ್ರ ದನಿ ಗುಂಯ್ ಅಂತತಿ."

ಕಾರ್ಖಾನೆಯ ಕಬ್ಬಿಣದ ಪೈಪಿನಲ್ಲಿ ಎರಡು ಸ್ಟ್ಯಾಂಡ್ ಮಾಡಿಸಿ, ಒಳಗೆ ಮರಳು ತುಂಬಿಸಿ ತಂದರು. ಹಾಗಾಗಿ ನಮ್ಮ ಪುಟ್ಟ ನಡುಮನೆಯ ನಡುವೆಯೇ ಅವೆರಡೂ ನಿಂತವು. ಕಸ ಗುಡಿಸಬೇಕಾದರೆ ಸುತ್ತಿ ಬಳಸಿ ಹೋಗಬೇಕು. ನೆಂಟರು ಬಂದರೆ ಚಾಪೆ ಹಾಸಲು ಜಾಗವಿಲ್ಲ. ಮಗಳಿಗೆ ಆಗ ನಡೆಯಲು ಬಂದಿತ್ತಷ್ಟೆ. ಅವಳನ್ನು ಅವುಗಳ ಹತ್ತಿರ ಬಿಡದೆ ಕಾಯುವುದೇ ನನಗೊಂದು ಕೆಲಸವಾಯಿತು. ನಿಜ ಹೇಳಬೇಕೆಂದರೆ ಮೊದಮೊದಲು ನನಗೆ ಅವುಗಳ ಮೇಲೆ ಸಿಟ್ಟೇ ಇತ್ತು.

ಆದರೆ ಭಾನುವಾರ ಬೆಳಿಗ್ಗೆ ಇವರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ, ಅವಕ್ಕೆ ಜೋಡಿಸಿದ್ದ ಪ್ಲೇಯರಿನಲ್ಲಿ ವಚನ ಹಾಕುತ್ತಿದ್ದರು. ನಮ್ಮದು ಹಾವೇರಿ ಕಡೆ, ವಚನ ಕೇಳುತ್ತಲೇ ಬೆಳೆದವರು ಇಬ್ಬರೂ. ನನಗೆ ಗೊತ್ತಿದ್ದದ್ದು ರೇಡಿಯೋದ ವಚನ. ಇದು ಬೇರೆ. ಹಾಡುವ ಹೆಂಗಸು ನಮ್ಮ ಕಿಟಕಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ ಅನಿಸುತ್ತಿತ್ತು. ತಂಬೂರಿಯ ತಂತಿಗಳು ಒಂದರ ಹಿಂದೆ ಒಂದು ಬೇರೆಬೇರೆಯಾಗಿ ಕೇಳುತ್ತಿದ್ದವು. ಒಂದು ಸಲ ಇವರು ಬೆರಳೆತ್ತಿ ನನ್ನನ್ನು ತಡೆದು ಕೇಳಿದರು: "ಸಾಲು ಸುರು ಮಾಡೂಕಿಂತ ಮುಂಚೆ ಆಕಿ ಉಸಿರು ಎಳಕೊಂಡಿದ್ದು ಕೇಳಿಸ್ತೇನ?"

ಕೇಳಿಸಿತು. ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಬಂದು ಕೂತೆ. ಅವತ್ತಿನಿಂದ ಭಾನುವಾರ ಬೆಳಗಿನ ಅಡಿಗೆ ನಮ್ಮಲ್ಲಿ ತಡವಾಗತೊಡಗಿತು. ಮದುವೆಯಾದ ಮೇಲೆ ನಾವಿಬ್ಬರೂ ಮಾತಿಲ್ಲದೆ ಒಂದೇ ಕೆಲಸ ಮಾಡಿದ್ದು ಅದೊಂದೇ ಇರಬೇಕು.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಇವರು ಸೌಂಡು ಸ್ವಲ್ಪಸ್ವಲ್ಪವೇ ಏರಿಸತೊಡಗಿದರು. ಎಷ್ಟು ನಿಧಾನವಾಗಿ ಎಂದರೆ ಮನೆಯೊಳಗಿದ್ದ ನನಗೇ ಗೊತ್ತಾಗಲಿಲ್ಲ. ಗೊತ್ತಾದದ್ದು ಕೆಳಗಿನ ಮನೆಯವಳಿಗೆ. ಅವಳ ಅತ್ತೆ ಪಾರ್ಶ್ವವಾಯು ಹೊಡೆದು ಮಲಗಿದ್ದರು. ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತು ಕೇಳಿದಳು: "ಅಕ್ಕ, ತಪ್ಪು ತಿಳ್ಕೋಬೇಡಿ. ಅಣ್ಣನ್ಗೆ ಹೇಳಿ ಸ್ವಲ್ಪ ಕಮ್ಮಿ ಮಾಡ್ಸಿ. ನಮ್ಮತ್ತೆ ಬೆಚ್ಚಿ ಬೀಳ್ತಾರೆ."

ನಾನು ಕಡಿಮೆ ಮಾಡಿದೆ. ಇವರು ಮತ್ತೆ ಹೆಚ್ಚು ಮಾಡಿದರು. "ಮೊದಲಿನಂಗ ಇಲ್ಲ ಇವು. ಟ್ವೀಟರ್ ಹೋಗ್ಯಾವ," ಅಂದರು. ಸಣ್ಣ ದನಿ, ತೆಳು ದನಿ ಹೊರಡಿಸುವ ಭಾಗ ಅದು. ಹಾಡುವ ಹೆಂಗಸು ಪದ ನುಂಗುತ್ತಾಳೆ, ತಂಬೂರಿ ಸತ್ತಂತಿದೆ ಅನ್ನುತ್ತಿದ್ದರು. ನನಗೆ ಎಲ್ಲವೂ ಮೊದಲಿನ ಹಾಗೇ ಕೇಳಿಸುತ್ತಿತ್ತು. ಆದರೆ ಸ್ಪೀಕರಿನ ವಿಷಯ ಇವರಿಗೆ ಗೊತ್ತಿರುವಷ್ಟು ನನಗೇನು ಗೊತ್ತು ಅಂದುಕೊಂಡು ಸುಮ್ಮನಿದ್ದೆ. ಎರಡನ್ನೂ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಎಸ್.ಪಿ. ರಸ್ತೆಗೆ ಒಯ್ದರು. ರಿಪೇರಿಯವನು ಹಾಕಿ ನೋಡಿ, "ಚೆನ್ನಾಗೇ ಐತಲ್ಲ ಸಾರ್, ಏನಾಗಿದೆ ಇದಕ್ಕೆ?" ಅಂದನಂತೆ. ಇವರು ಅವನನ್ನು ಬೈದುಕೊಂಡೇ ಮನೆಗೆ ಬಂದರು.

ನಿಜವಾಗಿ ಏನಾಗಿದೆ ಎಂದು ನನಗೆ ಹೊಳೆದದ್ದು ಮಗಳಿಂದ. ಆಗ ಅವಳು ಒಂದನೇ ಕ್ಲಾಸು. ಹಿಂದೆ ನಿಂತು "ಅಪ್ಪಾಜಿ, ಅಪ್ಪಾಜಿ" ಎಂದು ಕರೆದರೆ ಇವರು ತಿರುಗುತ್ತಿರಲಿಲ್ಲ. ಅಪ್ಪನಿಗೆ ತನ್ನ ಮೇಲೆ ಸಿಟ್ಟು ಅಂದುಕೊಂಡು ಅವಳು ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಆಮೇಲೆ ತಾನೇ ಒಂದು ಉಪಾಯ ಕಂಡುಕೊಂಡಳು. ಅಪ್ಪನ ಹತ್ತಿರ ಮಾತ್ರ ಗಂಡಸರ ಹಾಗೆ ದನಿ ದಪ್ಪ ಮಾಡಿ ಮಾತಾಡತೊಡಗಿದಳು. ಅದಕ್ಕೆ ಇವರು ತಿರುಗುತ್ತಿದ್ದರು.

ಜಗಳ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿದರು. ಡಾಕ್ಟರು ನಿಧಾನವಾಗಿ ಹೇಳಿದರು: "ಹ್ಯಾಮರಿನ ಸದ್ದಿಗೆ ಕಿವಿಯ ಒಳಗಿನ ನರ ಸವೆದಿದೆ. ದಪ್ಪ ದನಿ ಕೇಳಿಸುತ್ತೆ, ತೆಳು ದನಿ ಹೋಗಿದೆ. ಮಾತಾಡ್ತಿರೋದು ಗೊತ್ತಾಗುತ್ತೆ, ಆದ್ರೆ ಕ, ತ, ಸ ಇಂಥ ಅಕ್ಷರಗಳು ಸಿಗಲ್ಲ. ಹೋದದ್ದು ವಾಪಸ್ ಬರಲ್ಲ. ಇರೋದನ್ನಾದ್ರೂ ಉಳಿಸ್ಕೊಳ್ಳಿ, ಆ ಕೆಲಸ ಬಿಡಿ."

ಹೊರಗೆ ಬಸ್ ಸ್ಟಾಪಿನಲ್ಲಿ ಇವರು ಕೇಳಿದ್ದು ಒಂದೇ ಮಾತು: "ಹಂಗಾರ ಸ್ಪೀಕರು ಕೆಟ್ಟಿಲ್ಲೇನು?"

ಕಾರ್ಖಾನೆಯಲ್ಲಿ ಹೇಳಿ ಬೇರೆ ಕೆಲಸ ಕೇಳಿ ಎಂದು ಬೇಡಿಕೊಂಡೆ. ದೀಪಾವಳಿ ಕಳೀಲಿ ಅಂದರು, ಮ್ಯಾನೇಜರ್ ಬದಲಾಗಲಿ ಅಂದರು. ಆ ಹ್ಯಾಮರಿನ ಕೆಲಸ ಬಿಟ್ಟು ಬೇರೆ ಕಡೆ ಹೋಗಲು ಇವರಿಗೆ ಮನಸ್ಸಿರಲಿಲ್ಲ. ಕಂಪನಿ ಕೊಟ್ಟ ರಬ್ಬರಿನ ಬಿರಡೆಗಳನ್ನು ಅಲ್ಲಿ ಯಾರೂ ಕಿವಿಗೆ ಹಾಕುತ್ತಿರಲಿಲ್ಲ. ಹಾಕಿದರೆ ಪಕ್ಕದವನ ಕೂಗು ಕೇಳದೆ ಅಪಾಯವಾಗುತ್ತದೆ ಎಂಬುದು ಎಲ್ಲರ ಭಯ.

ಆ ಕೂಗೇ ಒಂದು ಮಧ್ಯಾಹ್ನ ತಪ್ಪಿಹೋಯಿತು. ಹ್ಯಾಮರಿನ ಅಚ್ಚು ಬದಲಾಯಿಸುವಾಗ ಸೂಪರ್‌ವೈಸರೇ ನಿಂತು ಹ್ಯಾಮರ್ ಏರಿಳಿಸುವ ಹಿಡಿಕೆ ನಡೆಸಬೇಕು. ಬಿಜಾಪುರದ ಕಡೆಯಿಂದ ಬಂದ ಒಬ್ಬ ಗುತ್ತಿಗೆ ಕಾರ್ಮಿಕ ಕೆಳಗೆ ಬಗ್ಗಿ ಅಚ್ಚನ್ನು ಕೂರಿಸುತ್ತಿದ್ದ. ಪಕ್ಕದ ಹ್ಯಾಮರ್ ನಡೆಯುತ್ತಲೇ ಇತ್ತು. ಇವರು "ಆತೇನಪಾ?" ಎಂದು ಕೇಳಿದರು. ಅವನು ಕೂಗಿ ಉತ್ತರ ಕೊಟ್ಟ. ಇವರು ಹ್ಯಾಮರ್ ಇಳಿಸಿದರು. ಅವನ ಬಲಗೈ ಒಳಗೇ ಇತ್ತು.

ಮನೆಗೆ ಬಂದವರ ಅಂಗಿಯ ಮೇಲೆ ರಕ್ತವಿತ್ತು. ಬಚ್ಚಲಿಗೆ ಹೋಗಿ ಕೂತವರು ನೀರು ಹುಯ್ದುಕೊಳ್ಳುವುದನ್ನೇ ಮರೆತಿದ್ದರು. ನಾನೇ ಹುಯ್ದೆ.

ಅವನನ್ನು ಆಸ್ಪತ್ರೆಯಿಂದ ಬಿಟ್ಟ ಮೇಲೆ ನೋಡಲು ಹೊರಟರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ಲಗ್ಗೆರೆಯಲ್ಲೇ, ನಮ್ಮ ಮನೆಯಿಂದ ದೂರವೇನಲ್ಲ. ಸಾಲಾಗಿ ಶೀಟಿನ ಕೋಣೆಗಳು. ಅವನು ಗೋಡೆಗೆ ಒರಗಿ ಕೂತಿದ್ದ. ಮಣಿಕಟ್ಟಿನ ಮೇಲೆ ಬಿಳಿ ಬಟ್ಟೆ ಸುತ್ತಿತ್ತು, ಅದರಾಚೆ ಏನೂ ಇರಲಿಲ್ಲ. ಹೆಂಡತಿ ಚಾಪೆ ಹಾಸಿದಳು. ಅವನು ಬೈಯಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ಇವರಿಗೆ ಕೇಳಿಸುತ್ತಿತ್ತು. ನೆಲ ನೋಡುತ್ತಾ ಮೆಲ್ಲಗೆ ಅಂದ: "ಸಾಹೇಬ್ರ, ನಾ 'ತಡೀರಿ' ಅಂದಿದ್ನಿರಿ. ನಿಮಗ ಏನ್ ಕೇಳಿಸ್ತರಿ?"

ಇವರು ನನ್ನ ಮುಖ ನೋಡಿದರು. ಏನಂದ ಎಂದು ಕಣ್ಣಲ್ಲೇ ಕೇಳಿದರು. ಆ ಪುಟ್ಟ ಕೋಣೆಯಲ್ಲಿ, ಅವನ ಎದುರಿಗೇ, ಆ ಪ್ರಶ್ನೆಯನ್ನು ನಾನು ಗಟ್ಟಿಯಾಗಿ ಕೂಗಿ ಹೇಳಬೇಕಾಯಿತು: "ಅಂವ ತಡೀರಿ ಅಂದಿದ್ನಂತ! ನಿಮಗೇನು ಕೇಳಿಸ್ತು ಅಂತ ಕೇಳಾಕತ್ತಾನ!"

ಅವನೂ ಅವನ ಹೆಂಡತಿಯೂ ಒಟ್ಟಿಗೆ ತಲೆಯೆತ್ತಿ ನಮ್ಮನ್ನು ನೋಡಿದರು. ಅವರಿಗೆ ಆಗ ತಿಳಿಯಿತು.

"ಹೊಡೀರಿ ಅಂದಂಗ ಕೇಳಿಸ್ತು," ಅಂದರು ಇವರು.

ಕಂಪನಿ ಅವನ ಅಜಾಗರೂಕತೆಯೇ ಕಾರಣ ಎಂದಿತು. ಅವನು ಕೂಗಲೇ ಇಲ್ಲ ಎಂದೂ ಸೇರಿಸಿತು. ಅವನು ಕೂಗಿದ್ದು ಆಚೆಯ ಹ್ಯಾಮರಿನವರಿಗೂ ಕೇಳಿಸಿತ್ತು, ಆದರೆ ಹೇಳಲು ಯಾರೂ ಮುಂದೆ ಬರಲಿಲ್ಲ. ಪರಿಹಾರದ ಕೇಸು ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ಬಂದಾಗ ಇವರು ಅವನ ಪರವಾಗಿ ಸಾಕ್ಷಿ ಹೇಳುತ್ತೇನೆ ಅಂದರು. ಕೆಲಸ ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ತಡೆಯಲಿಲ್ಲ. ಆ ಕೋಣೆಗೆ ಹೋಗಿ ಬಂದಮೇಲೆ ತಡೆಯಲು ನನಗೆ ಬಾಯಿ ಬರುವಂತಿರಲಿಲ್ಲ.

ಅಲ್ಲಿ ಇವರು ಎದ್ದು ನಿಂತು ಹೇಳಿದರು: ಅವನು ಕೂಗಿದ, ನನಗೆ ಸರಿಯಾಗಿ ಕೇಳಲಿಲ್ಲ, ಇದೇ ಕಾರ್ಖಾನೆಯಲ್ಲಿ ನನ್ನ ಕಿವಿ ಹೋಗಿದೆ. ಕಂಪನಿಯ ವಕೀಲರು ಎದ್ದರು. ನಾವು ನಿರೀಕ್ಷಿಸಿದ ಪ್ರಶ್ನೆ ಯಾವುದನ್ನೂ ಅವರು ಕೇಳಲಿಲ್ಲ.

"ನಿಮ್ಮ ಮನೇಲಿ ಫಾರಿನ್ ಸ್ಪೀಕರ್ ಇದೆ ಅಲ್ವಾ?"

ಎರಡನೇ ಸಲ ಜೋರಾಗಿ ಕೇಳಿದ ಮೇಲೆ ಇವರು "ಹೌದು" ಅಂದರು.

"ಅಕ್ಕಪಕ್ಕದೋರು ನಿದ್ದೆ ಮಾಡಕ್ಕಾಗದಷ್ಟು ಜೋರಾಗಿ ಹಾಕ್ತೀರಿ. ಕೆಳಗಿನ ಮನೆಯೋರು ಬಂದು ಗಲಾಟೆ ಮಾಡಿದ್ದಾರೆ. ನಿಮ್ಮ ಶೋಕಿಗೆ ಕಿವಿ ಹಾಳು ಮಾಡ್ಕೊಂಡು, ಅದನ್ನ ಮುಚ್ಚಿಟ್ಟು ಹ್ಯಾಮರ್ ನಡೆಸಿದ್ರಿ. ಒಬ್ಬನ ಕೈ ಹೋದ್ಮೇಲೆ ಈಗ ಕಂಪನಿ ಮೇಲೆ ಹಾಕ್ತಿದ್ದೀರಿ. ಸರೀನಾ?"

ಕಾರ್ಖಾನೆಯವರು ಯಾರೋ ನಮ್ಮ ಬೀದಿಯಲ್ಲಿ ವಿಚಾರಿಸಿಕೊಂಡು ಹೋಗಿದ್ದರು. ಕೆಳಗಿನ ಮನೆಯವಳು ಸುಳ್ಳು ಹೇಳಿರಲಿಲ್ಲ. ಕೇಳಿದ್ದಕ್ಕೆ ನಡೆದದ್ದನ್ನೇ ಹೇಳಿದ್ದಳು. ಆಮೇಲೆ ಬಂದು ನನ್ನ ಕೈ ಹಿಡಿದು, "ಯಾಕ್ ಕೇಳ್ತಾರೆ ಅಂತ ಗೊತ್ತಿರ್ಲಿಲ್ಲ ಅಕ್ಕ," ಎಂದು ಅತ್ತಳು. ಸೌಂಡು ಜಾಸ್ತಿ ಮಾಡಿದ್ದು ಕಿವಿ ಹೋದ ಮೇಲೆ ಎಂದು ಇವರು ಅವತ್ತು ಅಧಿಕಾರಿಗೆ ಎಷ್ಟೋ ಸಲ ಹೇಳಿದರು. ಆಸ್ಪತ್ರೆಯ ವರದಿ ತೋರಿಸಿದರು. ಆದರೆ ವಿಭೂತಿ ಹಚ್ಚಿಕೊಂಡು ವಚನ ಕೇಳುತ್ತಿದ್ದ ಮನುಷ್ಯನನ್ನು ಆ ವಕೀಲರು ಶೋಕಿಲಾಲನೆಂದು ಕರೆದದ್ದು, ಆ ಹಾಡೇ ಕಿವಿ ತಿಂದಿತು ಅಂದದ್ದು ಇವರೊಳಗೆ ಕೂತುಬಿಟ್ಟಿತು.

ಕೊನೆಗೆ ಕಂಪನಿ ಆ ಕಾರ್ಮಿಕನಿಗೆ ಒಂದಿಷ್ಟು ಕೊಟ್ಟು ಕೇಸು ಮುಗಿಸಿಕೊಂಡಿತು. ಅವನು ಹೆಂಡತಿಯನ್ನು ಕರೆದುಕೊಂಡು ಊರಿಗೆ ಹೋದ. ಹೋಗುವಾಗ ನಮ್ಮ ಮನೆಗೆ ಬರಲಿಲ್ಲ. ಬರಬೇಕೆಂದು ನಾವೂ ಎದುರು ನೋಡಿರಲಿಲ್ಲ. ಕಿವಿಯ ದೋಷ ಮುಚ್ಚಿಟ್ಟದ್ದಕ್ಕೆ ಇವರನ್ನು ಕೆಲಸದಿಂದ ತೆಗೆದರು. ರಾಜಗೋಪಾಲನಗರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಕ್ಷೆ ತೆಗೆಯುವ ಕೆಲಸ ಸಿಕ್ಕಿತು. ಯಾರ ಜೊತೆಗೂ ಮಾತಾಡಬೇಕಿಲ್ಲದ ಕೆಲಸ.

ಸ್ಪೀಕರು ಕೊಟ್ಟುಬಿಡೋಣ ಅಂದರು. ಹೂಡಿಯಿಂದ ಒಬ್ಬರು ನೋಡಲು ಬಂದರು. ಹಾಕಿ ಕೇಳಬೇಕು ಅಂದಾಗ ಇವರು ಎದ್ದು ತಾರಸಿಗೆ ಹೋದರು. ಅವರು ಜೊತೆಗೆ ತಂದಿದ್ದ ಸಿತಾರ್ ವಾದನದ ಸಿ.ಡಿ. ಹಾಕಿದರು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಬಹಳ ದಿನಗಳಿಂದ ಮನೆಯಲ್ಲಿ ಏನೂ ನುಡಿದಿರಲಿಲ್ಲ. ತಂತಿಯ ಮೇಲೆ ಬೆರಳು ಜಾರುವುದೂ ಕೇಳುತ್ತಿತ್ತು.

"ಸಕ್ಕತ್ತಾಗಿದೆ ಮೇಡಂ, ಯಾಕೆ ಕೊಡ್ತಿದ್ದೀರಿ?" ಎಂದು ಅವರು ಕೇಳಿದರು. ಜಾಗ ಸಾಲದು ಅಂದೆ.

ಅವರು ಆಟೋದಲ್ಲಿ ಇಟ್ಟುಕೊಂಡು ಹೋದಮೇಲೆ ತಾರಸಿ ಹತ್ತಿದೆ. ಇವರು ನೀರಿನ ಟ್ಯಾಂಕಿಗೆ ಒರಗಿ ನಿಂತಿದ್ದರು. ನಾನು ಎದುರಿಗೆ ಹೋಗಿ ನಿಂತೆ, ನನ್ನ ತುಟಿ ಕಾಣುವ ಹಾಗೆ.

"ಹೆಂಗ ನುಡಿದ್ವು?" ಅಂದರು.

ಸಿತಾರಿನ ಬಗ್ಗೆ ಹೇಳತೊಡಗಿದೆ. ಬೆರಳಿನ ಸದ್ದಿನವರೆಗೆ ಬಂದಾಗ ಇವರು ಕೈ ಎತ್ತಿ, "ಸಾಕು," ಅಂದರು. ಇಬ್ಬರೂ ಕೆಳಗಿಳಿದು ಬಂದೆವು.