ಕಸ್ತೂರಿಯ ಕಣ್ಣಿಗೆ ಹಚ್ಚಿದ ಮದ್ದು

ಹೆಣ್ಣುಮಗಳು ಕುದುರೆ ಡಾಕ್ಟರಾಗುವುದು ಆಗದ ಮಾತು ಎಂದು ಮೊದಲು ಹೇಳಿದವನು ನನ್ನ ಸೋದರಮಾವ ಚನ್ನಬಸವ. ನಮ್ಮ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತ, ನನ್ನ ಕಡೆ ನೋಡದೆಯೇ ಹೇಳಿದ್ದ: “ಇವ್ಳು ಡಾಕ್ಟ್ರಾದ್ರೆ ನಾನು ಅರ್ಧ ಮೀಸೆ ಬೋಳಿಸ್ಕೊಂಡು ಹನುಮಂತನಗರದ ಗುಡ್ಡ ಹತ್ತೀನಿ.” ಎರಡನೆಯವರು ಶಾಲೆಯ ಹೆಡ್‌ಮಾಸ್ತರು. ಅವರು ನಕ್ಕುಬಿಟ್ಟರು. ಮೂರನೆಯವನು ಅಪ್ಪನ ಗೆಳೆಯ, ಜಟಕಾ ಓಡಿಸುವ ಕಾಸಿಂ ಸಾಬ್. “ಬೇಡ ಬೇಟಾ, ಕುದುರೆ ಒದ್ರೆ ಹಲ್ಲು ಉದುರ್ತದೆ. ಹಲ್ಲಿಲ್ದ ಹುಡ್ಗೀನ ಯಾರು ಕಟ್ಕೊಂತಾರೆ?” ಅಂದ.

ಅವನು ಹಾಗಂದಾಗ ನನ್ನ ಒಂದು ಹಲ್ಲು ಆಗಲೇ ಹೋಗಿತ್ತು. ಅದು ಕುದುರೆ ಒದ್ದು ಹೋದದ್ದಲ್ಲ.

ಕತ್ರಿಗುಪ್ಪೆ ಆಗ ಹಳ್ಳಿ. ಮನೆ ಹಿಂದೆಯೇ ರಾಗಿ ಹೊಲ, ಅದರಾಚೆ ಹುಣಸೆ ತೋಪು. ಹನುಮಂತನಗರಕ್ಕೆ ಹೋಗಬೇಕೆಂದರೆ ಗಾಡಿ ಜಾಡಿನಲ್ಲೇ ನಡೆಯಬೇಕು. ಗುಡ್ಡದ ಕೆಳಗೆ, ಅರಳಿಮರದ ನೆರಳಲ್ಲಿ ಜಟಕಾ ಸ್ಟ್ಯಾಂಡು. ಅಲ್ಲಿ ಸಾಲಾಗಿ ನಿಲ್ಲುತ್ತಿದ್ದ ಗಾಡಿಗಳಲ್ಲಿ ನಮ್ಮಪ್ಪ ಸಿದ್ದಲಿಂಗಪ್ಪನದೂ ಒಂದು. ಅದನ್ನು ಎಳೆಯುತ್ತಿದ್ದವಳು ಕಸ್ತೂರಿ, ಕಡುಗಪ್ಪು ಹೆಣ್ಣು ಕುದುರೆ.

ಕಸ್ತೂರಿಗೆ ಬೇಯಿಸುವ ಹುರುಳಿಯ ವಾಸನೆಗೇ ನಮಗೆ ಬೆಳಗಾಗುತ್ತಿತ್ತು. ಅವ್ವ ಪಾತ್ರೆ ಇಳಿಸುವುದನ್ನೇ ಕಾದು, ಒಂದು ಹಿಡಿ ಬೆಂದ ಹುರುಳಿಗೆ ಉಪ್ಪು ಬೆರೆಸಿಕೊಂಡು ಓಡುತ್ತಿದ್ದೆ. “ಕುದ್ರೆ ಹೊಟ್ಟೆ ಹೊಡೀತೀಯಲ್ಲೇ, ಮುಂಡೇದೇ!” ಎಂದು ಅವ್ವ ಸೌಟು ಎಸೆಯುತ್ತಿದ್ದಳು. ಹುರುಳಿ ಬಸಿದ ನೀರು ನಮ್ಮ ಮಧ್ಯಾಹ್ನದ ಸಾರಾಗುತ್ತಿತ್ತು. ಕಾಳು ಕುದುರೆಗೆ, ಕಟ್ಟು ನಮಗೆ. ಯಾರಿಗೂ ಅದರಲ್ಲಿ ಬೇಸರವಿರಲಿಲ್ಲ.

ಅಪ್ಪ ಬರೀ ಜಟಕಾದವನಲ್ಲ, ಸ್ಟ್ಯಾಂಡಿನ ಕುದುರೆಗಳಿಗೆಲ್ಲ ವೈದ್ಯನೂ ಅವನೇ. ಸರ್ಕಾರಿ ದನದ ಡಾಕ್ಟರು ಒಬ್ಬರಿದ್ದರು. ನಮ್ಮೂರಿನಿಂದ ಹಿಡಿದು ಆಚೆ ಬಿಳೇಕಹಳ್ಳಿಯವರೆಗೆ ಅವರೊಬ್ಬರೇ, ಅದೂ ಸೈಕಲ್ಲಿನ ಮೇಲೆ. ಹಾಲು ಕೊಡುವ ಎಮ್ಮೆ ಹಸುಗಳನ್ನು ನೋಡುವಷ್ಟರಲ್ಲಿ ಅವರ ದಿನ ಮುಗಿಯುತ್ತಿತ್ತು. ಕುದುರೆಯ ಮುಖ ನೋಡುವ ಪುರುಸೊತ್ತು ಅವರಿಗೆಲ್ಲಿ ಬರಬೇಕು? ಹಾಗಾಗಿ ಗೊರಸು ಕೊಳೆತರೂ ಹೊಟ್ಟೆ ಉಬ್ಬರಿಸಿದರೂ ನಮ್ಮ ಮನೆಯ ಮುಂದೆ ತಂದು ನಿಲ್ಲಿಸುತ್ತಿದ್ದರು.

ಅಪ್ಪನ ವೈದ್ಯವೆಂದರೆ ಒಂದು ಯುದ್ಧ. ಮೊದಲು ಕುದುರೆಯ ಮೇಲ್ದುಟಿಗೆ ಹಗ್ಗದ ಕುಣಿಕೆ ಹಾಕಿ, ಕೋಲಿನಿಂದ ತಿರುಚುತ್ತಿದ್ದರು. ಆ ನೋವಿಗೆ ಪ್ರಾಣಿ ಬೇರೆಲ್ಲ ಮರೆತು ನಡುಗುತ್ತ ನಿಲ್ಲುತ್ತಿತ್ತು. ಆಮೇಲೆ ನಾಲ್ಕು ಕಾಲಿಗೂ ಹಗ್ಗ ಬಿಗಿದು, ನಾಲ್ಕು ಜನ ಒಟ್ಟಿಗೆ ಎಳೆದರೆ ನೆಲ ಅದುರುವಂತೆ ಬೀಳುತ್ತಿತ್ತು. ಬಿದ್ದ ಕೂಡಲೇ ಓಡಿಹೋಗಿ ಅದರ ಕುತ್ತಿಗೆಯ ಮೇಲೆ ಕೂರುವುದು ನನ್ನ ಕೆಲಸ. ತಲೆ ಎತ್ತಲಾಗದ ಕುದುರೆ ಮೇಲೇಳಲಾರದು. ಲಂಗವನ್ನು ಅದರ ಕಣ್ಣಿನ ಮೇಲೆ ಹರಡಿ, ಕಿವಿಯ ಬುಡ ತಿಕ್ಕುತ್ತ ಕೂತರೆ ನನ್ನ ತೊಡೆಯ ಕೆಳಗೆ ಅದರ ರಕ್ತ ದಡದಡ ಬಡಿಯುತ್ತಿತ್ತು. ಅಷ್ಟರಲ್ಲಿ ಅಪ್ಪ ಕೆಂಪಗೆ ಕಾದ ಕಬ್ಬಿಣ ತಂದು ಬರೆ ಎಳೆಯುತ್ತಿದ್ದ. ಸುಟ್ಟ ಕೂದಲಿನ ಆ ಕಮಟು ಎರಡು ದಿನವಾದರೂ ಲಂಗದಿಂದ ಹೋಗುತ್ತಿರಲಿಲ್ಲ. ಒಮ್ಮೆ ಹಗ್ಗ ಜಾರಿ, ಕುದುರೆಯೊಂದು ಅಪ್ಪನ ಪಕ್ಕೆಗೆ ಝಾಡಿಸಿತು. ಅಪ್ಪ ರಕ್ತ ಉಗಿದು, ಎದ್ದು ಬಂದು, ಅದೇ ಕುದುರೆಗೆ ಉಳಿದ ಎರಡು ಬರೆ ಹಾಕಿ ಮುಗಿಸಿದ.

ಬರೆಗೆ ಬಗ್ಗದ ಊತಕ್ಕೆ ಗೇರೆಣ್ಣೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಾರಲ್ಲ, ಆ ಗೇರುಕಾಯಿಯನ್ನು ಸುಟ್ಟು ಇಳಿಸಿದ ಕಪ್ಪು ಎಣ್ಣೆ. ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಬೊಬ್ಬೆ ಒಡೆದರೆ ಒಳಗಿನ ವಿಷವೆಲ್ಲ ಹೊರಗೆ ಬಂತು ಎಂಬುದು ಅಪ್ಪನ ನಂಬಿಕೆ. ಅವನ ಅಪ್ಪನದೂ ಅದೇ ನಂಬಿಕೆ.

ನನಗೆ ಹತ್ತು ವರ್ಷವಾಗಿದ್ದ ಬೇಸಿಗೆ. ಹುಣಸೆ ಬಡಿಯುವ ಕಾಲ. ಪೇಟೆ ಕಡೆಯ ಒಂದು ಸ್ಟ್ಯಾಂಡಿನಲ್ಲಿ ಕುದುರೆಗಳು ಮೂಗು ಸೋರಿ ಸಾಯತೊಡಗಿವೆಯೆಂದು ಸುದ್ದಿ ಬಂತು. ಡಾಕ್ಟರು ಅದಕ್ಕೆ ಗ್ಲಾಂಡರ್ಸ್ ಅನ್ನುತ್ತಿದ್ದರು. ಮನುಷ್ಯರಿಗೂ ಅಂಟುವ ರೋಗ, ಮದ್ದಿಲ್ಲ, ಬಂದ ಕುದುರೆಯನ್ನು ಗುಂಡು ಹೊಡೆದು ಹೂಳಬೇಕೆಂದು ಕಾನೂನು. ಒಂದು ಬೆಳಗ್ಗೆ ಅವರು ಪೊಲೀಸಿನವನೊಬ್ಬನನ್ನು ಜೊತೆಗಿಟ್ಟುಕೊಂಡು ನಮ್ಮ ಸ್ಟ್ಯಾಂಡಿಗೆ ಬಂದರು. ರೋಗದ ಪರೀಕ್ಷೆಗೆ ಪ್ರತಿ ಕುದುರೆಯ ಕೆಳರೆಪ್ಪೆಗೆ ಸೂಜಿ ಚುಚ್ಚಬೇಕಿತ್ತು.

ರೆಪ್ಪೆಗೆ ಸೂಜಿಯೆಂದರೆ ಯಾವ ಕುದುರೆ ಒಪ್ಪೀತು? ಒಂದು ಹಿಂಗಾಲ ಮೇಲೆ ಎದ್ದು ಗಾಡಿಯ ಮೂಕಿಯನ್ನೇ ಮುರಿಯಿತು. ಇನ್ನೊಂದು ಕಾಸಿಂ ಸಾಬನ ಭುಜ ಕಚ್ಚಿ ಅಂಗಿ ಸಮೇತ ಮಾಂಸ ಕಿತ್ತಿತು. “ಹಿಡಿಯೋ ಅದ್ರ ತುಟಿ!” “ಕಾಲು, ಕಾಲು ನೋಡ್ಕಳ್ಳೋ!” ಎಂಬ ಕೂಗು, ಧೂಳು, ಲದ್ದಿ, ಬೆವರು. ಡಾಕ್ಟರ ಕನ್ನಡಕ ಎರಡು ಸಲ ಬಿತ್ತು. ಕಸ್ತೂರಿ ಮಾತ್ರ ನಾನು ಕಿವಿ ತಿಕ್ಕುತ್ತಿದ್ದರೆ ಅಲ್ಲಾಡದೆ ನಿಂತಳು.

ಕೊನೆಗೆ ಡಾಕ್ಟರು ಗಟ್ಟಿಯಾಗಿ ಹೇಳಿದರು: “ನಾಡಿದ್ದು ಬಂದು ನೋಡ್ತೀನಿ. ಕಣ್ಣು ಊದಿ ಕೀವು ಬಂದಿದ್ರೆ ರೋಗ ಇದೆ ಅಂತ. ಅಲ್ಲೀವರ್ಗೂ ಯಾರೂ ಏನೂ ಹಚ್ಬಾರ್ದು. ಹಚ್ಚಿದ್ರೆ ಪೊಲೀಸ್ ಕೇಸು, ತಿಳೀತಾ?”

ಆ ಸಂಜೆ ಕಸ್ತೂರಿಯ ರೆಪ್ಪೆ ಕಡಲೆಕಾಳಿನಷ್ಟು ಊದಿತ್ತು. ಸೂಜಿ ಚುಚ್ಚಿದ ಜಾಗದಲ್ಲಿ ಅಷ್ಟು ಊತ ಯಾವ ಕುದುರೆಗಾದರೂ ಬರುತ್ತದೆ, ಮರುದಿನಕ್ಕೆ ಇಳಿಯುತ್ತದೆ. ಅದು ನಮಗೆ ಹೇಗೆ ಗೊತ್ತಿರಬೇಕು? ಅಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು, ಸೂರಿನಿಂದ ಗೇರೆಣ್ಣೆಯ ಕುಡಿಕೆ ತೆಗೆದ.

“ಅಪ್ಪ, ಡಾಕ್ಟ್ರು ಹಚ್ಬ್ಯಾಡಿ ಅಂದವ್ರೆ.”

“ಅವ್ರು ದನಿನ್ ಡಾಕ್ಟ್ರು ಕಣಮ್ಮಿ. ಕುದ್ರೆ ಚರ್ಮ ಅವ್ರಿಗೇನ್ ಗೊತ್ತು? ನಾಡಿದ್ದು ಈ ಊತ ನೋಡಿದ್ರೆ ಗುಂಡು ಹೊಡಿತಾರೆ. ಹೊಡಿಸ್ಲಾ? ಹಿಡ್ಕೋ ತಲೆಯಾ.”

ಹಿಡಿದುಕೊಂಡೆ. ಅಪ್ಪ ಬೇವಿನಕಡ್ಡಿಯ ತುದಿಯಿಂದ ಕಣ್ಣಿನ ಸುತ್ತ ತೆಳ್ಳಗೆ ಒಂದು ಗೆರೆ ಎಳೆದ. ಕಪ್ಪು ಚರ್ಮದ ಮೇಲೆ ಕಪ್ಪು ಮದ್ದು. ಹಚ್ಚಿದ್ದು ಯಾರಿಗೂ ಕಾಣುವಂತಿರಲಿಲ್ಲ. ಕಸ್ತೂರಿ ತಲೆ ಒದರಿ, ನನ್ನನ್ನು ಗೋಡೆಗೆ ಎಸೆದಳು.

ಮರುದಿನ ಕಣ್ಣು ಬದನೆಕಾಯಿಯಂತಾಗಿತ್ತು. ಡಾಕ್ಟರು ಹೇಳಿದ ದಿನಕ್ಕೆ ಬರಲಿಲ್ಲ. ಬಿಳೇಕಹಳ್ಳಿ ಕಡೆ ಎಮ್ಮೆಗಳಿಗೆ ಗಂಟಲು ಬೇನೆ ಬಂದು ಅಲ್ಲಿಗೆ ಓಡಿದ್ದರಂತೆ. ಒಂದು ದಿನ ತಡವಾಗಿ, ಬಿಸಿಲು ನೆತ್ತಿಗೇರಿದಾಗ ಬಂದರು. ಮುಖ ನಿದ್ದೆಗೆಟ್ಟಿತ್ತು, ಷರಾಯಿಗೆ ಒಣಗಿದ ಕೆಸರು. ಸಾಲಿನಲ್ಲಿ ಒಂದೊಂದೇ ಕುದುರೆಯ ಕಣ್ಣು ನೋಡಿ “ಸರಿ, ಹೋಗು” ಅನ್ನುತ್ತ ಬಂದರು. ಕಸ್ತೂರಿಯ ಮುಂದೆ ನಿಂತುಬಿಟ್ಟರು. ಕಣ್ಣಿನಿಂದ ಕೀವು ಕೆನ್ನೆಗೆ ಇಳಿದಿತ್ತು. ಅವಳ ಹಿಂದಿದ್ದ ಕುದುರೆಯವರೆಲ್ಲ ತಮ್ಮ ತಮ್ಮ ಕುದುರೆಯನ್ನು ಎಳೆದುಕೊಂಡು ದೂರ ಸರಿದರು.

“ಏನಾದ್ರೂ ಹಚ್ಚಿದ್ರೇನ್ರೀ?”

ಪೊಲೀಸಿನವನು ಲಾಠಿಯಿಂದ ಗಾಡಿಯ ಚಕ್ರ ತಟ್ಟುತ್ತ ನಿಂತಿದ್ದ. ಅಪ್ಪ ಅದನ್ನು ನೋಡಿದ, ಸುತ್ತಲಿದ್ದ ಜಟಕಾದವರನ್ನೂ ನೋಡಿದ. ಅವರಲ್ಲಿ ತಮ್ಮ ಕುದುರೆಗೆ ಅವನಿಂದ ಮದ್ದು ಹಾಕಿಸದವರು ಒಬ್ಬರೂ ಇರಲಿಲ್ಲ.

“ಇಲ್ಲ ಬುದ್ಧಿ. ಮುಟ್ಟೇ ಇಲ್ಲ.”

“ಹಚ್ಚವ್ರೆ ಸಾರ್!” ಎಂದು ನಾನು ಕೂಗಿದೆ. “ಗೇರೆಣ್ಣೆ ಹಚ್ಚವ್ರೆ. ನಾನೇ ತಲೆ ಹಿಡ್ಕೊಂಡಿದ್ದೆ. ಅದು ರೋಗ ಅಲ್ಲ ಸಾರ್.”

ಅಪ್ಪನ ಕೈ ಬಂದದ್ದು ಕಾಣಲಿಲ್ಲ. ಲಾಳ ಹೊಡೆದು ಹೊಡೆದು ಕಲ್ಲಾಗಿದ್ದ ಕೈ. ನೆಲದಿಂದ ತಲೆಯೆತ್ತಿದಾಗ ಬಾಯಿ ತುಂಬ ಉಪ್ಪುಪ್ಪು ರಕ್ತ, ನಾಲಿಗೆಯ ಮೇಲೆ ಹಲ್ಲು. ಅಪ್ಪ ಮತ್ತೆ ಕೈಯೆತ್ತಿದ್ದ. ಕಾಸಿಂ ಸಾಬ್ ಅಡ್ಡ ಬಂದ.

“ಸುಳ್ಳು ಬೊಗಳ್ತದೆ ಸ್ವಾಮಿ,” ಎಂದು ಅಪ್ಪ ಹೇಳಿದ. “ಕುದ್ರೆ ಮ್ಯಾಲಿನ್ ಆಸೆಗೆ ಸುಳ್ಳು ಬೊಗಳ್ತದೆ.”

ಡಾಕ್ಟರು ನನ್ನನ್ನೂ ಅಪ್ಪನನ್ನೂ ನೋಡಿದರು. ಅವರು ಕೆಟ್ಟವರಲ್ಲ. ಅನುಮಾನವಿದ್ದರೆ ಕುದುರೆಯನ್ನು ಬೇರೆ ಕಟ್ಟಿ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಬಹುದು. ಇದನ್ನು ನಾನು ಮುಂದೆ ಕಾಲೇಜಿನ ಪುಸ್ತಕದಲ್ಲಿ ಓದಿದೆ, ಅವರೂ ಓದಿಯೇ ಇದ್ದಿರಬೇಕು. ಆದರೆ ಕಾವಲಿರುವವರು ಯಾರು, ಮತ್ತೆ ಬರುವವರು ಯಾರು? ಇನ್ನೂ ಎರಡು ಸ್ಟ್ಯಾಂಡು ನೋಡುವುದಿತ್ತು, ಎಮ್ಮೆಗಳು ಬಿಳೇಕಹಳ್ಳಿಯಲ್ಲಿ ಸಾಯುತ್ತಿದ್ದವು. ಒಬ್ಬ ಡಾಕ್ಟರಿಗೆ ಹತ್ತು ವರ್ಷದ ಹುಡುಗಿಯ ಮಾತು ನಂಬುವಷ್ಟು ಬಿಡುವಿರಲಿಲ್ಲ. ಗುಂಡು ಹೊಡೆಯಲು ಚೀಟಿ ಬರೆದುಕೊಟ್ಟರು.

ಹೊಸಕೆರೆಹಳ್ಳಿ ಕಡೆಯ ಬೀಳಿನಲ್ಲಿ ಗುಂಡಿ ತೋಡಿದವರು ಅಪ್ಪ ಮತ್ತು ಕಾಸಿಂ ಸಾಬ್. ನನ್ನನ್ನು ಅವ್ವನ ಹತ್ತಿರ ಬಿಟ್ಟಿದ್ದರು. ತಪ್ಪಿಸಿಕೊಂಡು ಓಡಿದೆ. ಪೊಲೀಸಿನವನಿಗೆ ಕುದುರೆ ಹೊಡೆದು ಗೊತ್ತಿರಲಿಲ್ಲ. ಮೊದಲ ಗುಂಡು ದವಡೆ ಒಡೆದುಕೊಂಡು ಹೋಯಿತು. ಕಸ್ತೂರಿ ಬಿದ್ದಳು. ಬಿದ್ದವಳು ಮುಂಗಾಲು ಊರಿ ಏಳತೊಡಗಿದಳು. ಅಂಥ ಕೂಗು ಕುದುರೆಯ ಬಾಯಲ್ಲಿ ನಾನು ಆಮೇಲೆಂದೂ ಕೇಳಿಲ್ಲ. ಪೊಲೀಸಿನವನು ಎಷ್ಟು ತುರುಕಿದರೂ ಎರಡನೇ ಗುಂಡು ಬಂದೂಕಿಗೆ ಹೋಗಲೊಲ್ಲದು.

ನನಗೆ ಗೊತ್ತಿದ್ದದ್ದು ಒಂದೇ ಕೆಲಸ. ಓಡಿಹೋಗಿ ಅವಳ ಕುತ್ತಿಗೆಯ ಮೇಲೆ ಕೂತೆ. ಲಂಗ ಹರಡಿ ಕಣ್ಣು ಮುಚ್ಚಿದೆ, ಕಿವಿಯ ಬುಡ ತಿಕ್ಕಿದೆ. ನನ್ನ ಬಾಯಿಯ ರಕ್ತವೂ ಅವಳದೂ ಲಂಗದಲ್ಲಿ ಒಂದಾಯಿತು. ಕಸ್ತೂರಿ ಸುಮ್ಮನಾದಳು, ತಲೆ ನೆಲಕ್ಕಿಟ್ಟಳು. ನಂಬಿದಳು, ಅಷ್ಟೇ.

“ತಗೀರಿ ಮಗೀನಾ!” ಎಂದು ಪೊಲೀಸಿನವನು ಅರಚಿದ. ಅಪ್ಪ ಬಂದು ನನ್ನ ರೆಟ್ಟೆ ಹಿಡಿದು ಎತ್ತಿದ. ಗುಂಡಿನ ಸದ್ದು ನನಗೆ ಕೇಳಿದ್ದು ಅವನ ಎದೆಯ ಮೂಲಕ.

ಮೇಲೆ ಸುಣ್ಣ ಸುರಿದರು. ಗೆಜ್ಜೆ, ಕಡಿವಾಣ, ಹುರುಳಿ ಚೀಲ, ಎಲ್ಲ ಸುಟ್ಟರು. ಅದೇ ವಾರ ಅಪ್ಪ ಬರೆಯ ಕಬ್ಬಿಣವನ್ನೂ ಗೇರೆಣ್ಣೆಯ ಕುಡಿಕೆಯನ್ನೂ ಪಾಳು ಬಾವಿಗೆ ಎಸೆದ. ಮದ್ದು ಕೇಳಿಕೊಂಡು ಬಂದವರಿಗೆ “ನಂಗೇನೂ ಬರಾಕಿಲ್ಲ” ಎಂದು ಬೆನ್ನು ತಿರುಗಿಸುತ್ತಿದ್ದ. ಒಬ್ಬನಂತೂ ಬಿಡದೆ, ಕಾಲರು ಹಿಡಿದು ಕೇಳಿದ್ದಕ್ಕೆ ಅವನ ಮೂಗು ಒಡೆದ. ಜಯನಗರದಲ್ಲಿ ಹೊಸ ಬಡಾವಣೆಗೆ ಕಲ್ಲು ಒಡೆಯುವ ಕೆಲಸ ಹಿಡಿದ. ನನಗೆ ಹೊಡೆದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದೇ ಮನೆಯಲ್ಲಿ ಹದಿಮೂರು ವರ್ಷ.

ನಾನು ಡಾಕ್ಟರಾಗುತ್ತೇನೆಂದು ಹೇಳಿದ್ದು ಆ ಮಳೆಗಾಲದಲ್ಲಿ. ಯಾರ್ಯಾರು ಏನೇನಂದರು ಎಂದು ಮೊದಲೇ ಹೇಳಿದೆ.  ಹೈಸ್ಕೂಲಿಗೆ ಸೇರುವ ಮುಂಚೆ ಚನ್ನಬಸವ ಮಾವ ಗಂಡು ತಂದಾಗ, ಅಪ್ಪ ಕಲ್ಲು ಒಡೆಯುವ ಸುತ್ತಿಗೆ ಕೈಯಲ್ಲಿಟ್ಟುಕೊಂಡೇ ಬಾಗಿಲಿಗೆ ಬಂದು, “ಅವ್ಳು ಓದ್ಲಿ. ನೀನು ಎದ್ದೋಗು” ಅಂದ. ಮಾವ ಎಲೆಯಡಿಕೆ ತಟ್ಟೆ ಅಲ್ಲೇ ಬಿಟ್ಟು ಹೋದ.

ನಮ್ಮ ವಂಶದಲ್ಲಿ ಏಳನೇ ಕ್ಲಾಸು ದಾಟಿದವರಿರಲಿಲ್ಲ. ಇಂಗ್ಲಿಷ್ ಪುಸ್ತಕದ ಒಂದು ಪುಟಕ್ಕೆ ಒಂದು ಸಂಜೆ ಹಿಡಿಯುತ್ತಿತ್ತು. ಪಶುವೈದ್ಯ ಕಾಲೇಜಿನಲ್ಲಿ ಹುಡುಗರು ನನ್ನನ್ನು “ಜಟಕಾ ಬಂತು, ದಾರಿ ಬಿಡ್ರೋ” ಎಂದು ರೇಗಿಸುತ್ತಿದ್ದರು. ಕುದುರೆಯ ಪ್ರಾಕ್ಟಿಕಲ್ ದಿನ ಒದೆಯುವ ಕುದುರೆ ತಂದು ನಿಲ್ಲಿಸಿದರು. ತುಟಿಗೆ ಕುಣಿಕೆ ಹಾಕದೆ, ಬರೀ ಕಿವಿ ತಿಕ್ಕಿ ಅದರ ರೆಪ್ಪೆಗೆ ಸೂಜಿ ಹಾಕಿದೆ. ಆಮೇಲೆ ಯಾರೂ ಜಟಕಾ ಅನ್ನಲಿಲ್ಲ.

ಆದರೆ ನಾನು ಕಲಿತು ಹೊರಬರುವಷ್ಟರಲ್ಲಿ ಅರಳಿಮರದ ಕೆಳಗೆ ಆಟೋರಿಕ್ಷಾಗಳು ನಿಂತಿದ್ದವು. ಕಾಸಿಂ ಸಾಬ್ ತೀರಿಕೊಂಡಿದ್ದ. ಅವನ ಮಗ ಗಾಡಿಯ ಚಕ್ರ ಕಳಚಿ ಸೌದೆಗೆ ಮಾರಿದ್ದ. ಕುದುರೆಯ ಕಣ್ಣು ನೋಡಲು ನಾನೊಬ್ಬಳು ತಯಾರಾಗಿದ್ದೆ, ನೋಡಿಸಿಕೊಳ್ಳುವ ಕುದುರೆ ಆ ಬೀದಿಯಲ್ಲಿ ಒಂದೂ ಇರಲಿಲ್ಲ. ಕಸ್ತೂರಿಯನ್ನು ಹೂಳಿದ ಬೀಳಿಗೂ ಸೈಟು ಗುರುತಿನ ಕಲ್ಲು ನೆಟ್ಟಾಗಿತ್ತು. ಯಾರ ಅಡುಗೆಮನೆ ಅವಳ ಮೇಲೆ ಬಂತೋ ತಿಳಿಯದು. ಹುರುಳಿ ಬೇಯುವ ವಾಸನೆಗೆ ಏಳುವ ಬೆಳಗು ನಮ್ಮ ಮನೆಯಲ್ಲಿ ಮತ್ತೆ ಆಗಲೇ ಇಲ್ಲ.

ಪದವಿ ಕೊಟ್ಟ ದಿನ ಅಪ್ಪ ಒಗೆದ ಪಂಚೆ ಉಟ್ಟು ಬಂದಿದ್ದ. ಒಳಗೆ ಬರಲು ಸಂಕೋಚಪಟ್ಟು ಹೊರಗೆ ಮರದ ಕೆಳಗೇ ನಿಂತಿದ್ದ. ನಾನು ಕರೀ ನಿಲುವಂಗಿಯಲ್ಲೇ ಹೋಗಿ ಪ್ರಮಾಣಪತ್ರವನ್ನು ಅವನ ಕೈಗಿಟ್ಟೆ. ಅವನಿಗೆ ಓದು ಬರುತ್ತಿರಲಿಲ್ಲ. ಬೆರಳು ತಾಗದಂತೆ ಅಂಚಿನಲ್ಲಿ ಹಿಡಿದು, ಮೇಲಿನಿಂದ ಕೆಳಗಿನವರೆಗೆ ನೋಡಿದ.

“ಏನ್ ಬರ್ದವ್ರೆ?”

ಓದಿ ಹೇಳಿದೆ. ನನ್ನ ಹೆಸರು, ಅವನ ಹೆಸರು, ಪ್ರಾಣಿಗಳ ರೋಗ ನೋಡಿ ಮದ್ದು ಕೊಡಲು ಯೋಗ್ಯಳು ಎಂಬ ಮಾತು.

ಅಪ್ಪ ಇನ್ನೂ ಕಾಗದವನ್ನೇ ನೋಡುತ್ತಿದ್ದ.

“ಅವತ್ತು ನೀನ್ ಹೇಳಿದ್ದು ಸುಳ್ಳಲ್ಲ ಅಂತಾನೂ ಇದ್ರಾಗೆ ಬರ್ದವ್ರಾ, ಮಗಾ?”