ವೆಲಿಚ್ಕಕ್ಕನ ಸೀಮೆಸುಣ್ಣ

ವೆಲಿಚ್ಕಕ್ಕನ ಬಾಯಿಗೆ ಹೆದರದವರು ನಮ್ಮ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಆಕೆಯ ಗಂಡ ಗಾಂಚೋ ಮಾತ್ರ ಹೆದರಿದಂತೆ ನಟಿಸಿ ತನ್ನ ಕೆಲಸ ತಾನು ಮಾಡಿಕೊಳ್ಳುತ್ತಿದ್ದ. ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಹಾಕಿಯೇ ನಿವೃತ್ತಳಾದ ಹೆಂಗಸು ಆಕೆ. ಆಮೇಲೆ ಸುಮ್ಮನೆ ಕೂರಲಾಗದೆ ನಮ್ಮೆಲ್ಲರ ಟೈರುಗಳ ಯಜಮಾನಿಕೆ ವಹಿಸಿಕೊಂಡಳು. ಮೇ ತಿಂಗಳ ಸಂತ ಗೆಯೋರ್ಗಿಯ ಹಬ್ಬಕ್ಕೆ, ಹಿಮದಲ್ಲಿ ಜಾರದಂಥ ಚಳಿಗಾಲದ ಟೈರು ಕಾರಿನಿಂದ ಇಳಿಯಬೇಕು, ಅಕ್ಟೋಬರ್ ಕೊನೆಯ ಸಂತ ದಿಮಿತರನ ಹಬ್ಬಕ್ಕೆ ಮತ್ತೆ ಏರಬೇಕು. ನಡುವಿನ ಕಾಲವೆಲ್ಲ ಅವು ಕಟ್ಟಡದ ಅಡಿಯ ನೆಲಮಾಳಿಗೆಯಲ್ಲಿ, ಹಿಂದೊಮ್ಮೆ ಬಾಂಬಿಗೆ ಹೆದರಿ ಕಟ್ಟಿಸಿದ ಕಿಟಕಿಯಿಲ್ಲದ ಕೋಣೆಯಲ್ಲಿ, ಆಕೆಯ ಬೀಗದೊಳಗೆ ಇರುತ್ತಿದ್ದವು.

ಟೈರನ್ನು ಕೊಳಕಾಗಿ ಒಯ್ದು ಕೊಟ್ಟರೆ ಮಂಗಳಾರತಿ ಖಂಡಿತ. ತೊಳೆದು, ಒಣಗಿಸಿ, ಸಂದಿಯಲ್ಲಿ ಸಿಕ್ಕ ಕಲ್ಲು ಕಿತ್ತು ತರಬೇಕು. ಆಕೆ ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ಮಾಲೀಕನ ಹೆಸರು ಬರೆದು, ಮುಂದಿನದೋ ಹಿಂದಿನದೋ, ಎಡವೋ ಬಲವೋ ಎಂದು ಗುರುತು ಹಾಕಿ, ರಿಮ್ಮಿನ ಸಮೇತ ಗೋಡೆಯ ಕೊಕ್ಕೆಗೆ ನೇತುಹಾಕುತ್ತಿದ್ದಳು. ಬಿಸಿಲು, ಶಾಖ, ಎಣ್ಣೆ ಯಾವುದೂ ಸೋಕುವಂತಿಲ್ಲ. “ಕಾಮೆನ್, ಇದು ನಿನ್ ಹೆಂಡ್ತಿ ಜೀವ ಕಣೋ, ಹಳೇ ಚಪ್ಲಿ ಅಲ್ಲ,” ಎಂದು ನನ್ನ ಹೆಸರು ಹಿಡಿದು ಹೇಳುತ್ತಿದ್ದಳು. ಮತ್ತೊಂದು ನಿಯಮವಿತ್ತು: ಒಬ್ಬರ ಟೈರನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಒಂದೇ ದಿನದ ಮಟ್ಟಿಗೆ ಎಂದು ಸ್ವಂತ ತಮ್ಮ ಅಂಗಲಾಚಿದರೂ ಕೊಟ್ಟಿರಲಿಲ್ಲ. ಆ ತಮ್ಮ ಇವತ್ತಿಗೂ ಆಕೆಯನ್ನು ಮಾತಾಡಿಸುವುದಿಲ್ಲ.

ಹೆಂಡತಿಯ ಜೀವ ಎಂದದ್ದು ಬರಿಯ ಮಾತಲ್ಲ. ನನ್ನ ರಾಡ್ಕಾಳ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ವಾರಕ್ಕೆ ಮೂರು ಸಲ ರೋಜೆನ್ ಘಟ್ಟ ದಾಟಿ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕಿತ್ತು.

ಆ ವರ್ಷ ಬೇಸಿಗೆಯ ಕೊನೆಯಲ್ಲಿ ವೆಲಿಚ್ಕಕ್ಕ ಬಿದ್ದು ಕಾಲು ಮುರಿದುಕೊಂಡಳು. ಮನೆ ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ನೆಲಮಾಳಿಗೆಯ ಬೀಗದಕೈ ಗಾಂಚೋನ ಕೈ ಸೇರಿತು. ಆಕೆ ಬಾಲ್ಕನಿಯಿಂದ ಕೂಗಿ ಕೇಳುತ್ತಿದ್ದಳು, “ಟೈರ್ ನೋಡಿದ್ಯಾ?” ಅವನು ಅಂಗಳದಿಂದ ಉತ್ತರಿಸುತ್ತಿದ್ದ, “ನೋಡ್ದೆ, ಚೆನ್ನಾಗವೆ. ನಿನ್ನ ಆರೋಗ್ಯ ವಿಚಾರಿಸಿದ್ವು.”

ದಿಮಿತರನ ಹಬ್ಬಕ್ಕೆ ಇನ್ನೂ ಕೆಲವು ದಿನ ಇರುವಾಗಲೇ ಹಿಮ ಬಿತ್ತು. ರೋಗಿಗಳನ್ನು ಕರೆದೊಯ್ಯುವ ವ್ಯಾನು ಘಟ್ಟದಾಚೆಯೇ ಸಿಕ್ಕಿಕೊಂಡಿತು. ಹಿಂದಿನ ಸರದಿ ರಾಡ್ಕಾಳಿಗೆ ಜ್ವರದಲ್ಲಿ ತಪ್ಪಿಹೋಗಿತ್ತು. ಇವತ್ತೂ ತಪ್ಪಿದರೆ ಏನಾಗುತ್ತದೆಂದು ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು. ಬೆಳಿಗ್ಗೆಯಿಂದ ಅವಳಿಗೆ ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಘಟ್ಟದ ಬುಡದಲ್ಲಿ ಪೊಲೀಸರು ಬೇಸಿಗೆ ಟೈರಿನ ಕಾರುಗಳನ್ನು ಹಿಂದಕ್ಕೆ ಕಳಿಸುತ್ತಿದ್ದರು. ಓಡುವ ಕಾರು ಕಟ್ಟಡದಲ್ಲಿ ಆ ದಿನ ಇದ್ದದ್ದು ನನ್ನದೊಂದೇ.

ಅವರ ಮನೆ ಬಾಗಿಲಿಗೆ ಹೋಗಿ ಬೀಗದಕೈ ಕೇಳಿದರೆ ಗಾಂಚೋನ ಮುಖದ ಬಣ್ಣ ಹೋಯಿತು. “ಸಾಯಂಕಾಲ ಬಾರಪ್ಪ,” ಅಂದ.

ಒಳಗಿನಿಂದ ವೆಲಿಚ್ಕಕ್ಕನಿಗೆ ಕೇಳಿಸಿತು. ಊರುಗೋಲು ತೆಗೆದುಕೊಂಡು ಹೊರಟಳು. ಮೆಟ್ಟಿಲ ಮೇಲೆ ಕೂತು, ಒಂದೊಂದೇ ಮೆಟ್ಟಿಲು ಜಾರುತ್ತ ನಾಲ್ಕು ಮಹಡಿ ಇಳಿದಳು. ಆಕೆ ಬಾಯಿ ಬಿಡದೆ ಇದ್ದದ್ದು ನೋಡಿಯೇ ನನಗೆ ಭಯವಾಯಿತು.

ಬಾಗಿಲು ತೆಗೆದರೆ ಬೆಚ್ಚನೆಯ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಕೋಣೆಯ ನಡುವೆ ಗಾಂಚೋನ ವೈನ್ ಪೀಪಾಯಿ, ಅದರಡಿ ನನ್ನ ನಾಲ್ಕು ಟೈರು, ಪಕ್ಕದಲ್ಲಿ ಕೆಂಪಗೆ ಉರಿಯುತ್ತಿದ್ದ ಹೀಟರ್.

“ಇದೇನೋ ಇದು?”

“ನಲ್ಲಿ ಕೆಳಗೆ ಬಕೆಟ್ ಇಡೋಕೆ ಎತ್ತರ ಬೇಕಿತ್ತು ಕಣೆ. ಚಳಿಗೆ ವೈನು ಹುಳಿಯೋದು ನಿಂತ್ಹೋಗುತ್ತೆ ಅಂತ ಹೀಟರ್ ಇಟ್ಟೆ. ಟೈರಿಗೂ ಬೆಚ್ಚಗಿರ್ಲಿ ಅಂತ.”

“ನಲ್ಲಿ ತಿರುಗ್ಸು, ಎಲ್ಲ ಚೆಲ್ಲು. ತುಂಬಿರೋದನ್ನ ಎತ್ತೋಕಾಗಲ್ಲ.”

“ಮಗಳ ಮದ್ವೆಗೆ ಮಾಡಿರೋದು ವೆಲಿಚ್ಕಾ. ಬಯಲುಸೀಮೆಯಿಂದ ದ್ರಾಕ್ಷಿ ತರ್ಸಿ, ನಾನೇ ತುಳ್ದು...” ಅವನು ಪೀಪಾಯಿಗೆ ಬೆನ್ನು ಕೊಟ್ಟು ನಿಂತ. “ಪಾತ್ರೆ ತರೋಣ. ಸ್ವಲ್ಪ ಸ್ವಲ್ಪ ತುಂಬಿಸ್ಕೊಳ್ಳೋಣ.”

ಅವನನ್ನು ಎಳೆದು ಬಿಸಾಕಬೇಕು ಅನ್ನಿಸಿತು ನನಗೆ. ಕೈ ಎತ್ತಿಯೂ ಬಿಟ್ಟಿದ್ದೆ. ಅಷ್ಟರಲ್ಲಿ ಹಿಂದೆ ಮೆಟ್ಟಿಲ ಹತ್ತಿರ ಏದುಸಿರು ಕೇಳಿತು. ರಾಡ್ಕಾ ಕೋಟು ಹಾಕಿ, ಚೀಲ ಹಿಡಿದು, ತಾನೇ ಇಳಿದು ಬಂದಿದ್ದಳು. ಕಾಲಿಗೆ ನನ್ನ ಮನೆಚಪ್ಪಲಿ. ಊದಿದ ಪಾದಕ್ಕೆ ಅವಳ ಬೂಟು ಏರುತ್ತಿರಲಿಲ್ಲ.

ಗಾಂಚೋ ಆ ಪಾದಗಳನ್ನೇ ನೋಡಿದ. ಆಮೇಲೆ ತಿರುಗಿ, ತಾನೇ ಪೀಪಾಯಿಗೆ ಭುಜ ಕೊಟ್ಟು ಉರುಳಿಸಿದ. ವೈನು ನೆಲವೆಲ್ಲ ಹರಿದು ಚರಂಡಿ ಸೇರಿತು.

ವೆಲಿಚ್ಕಕ್ಕ ಒದ್ದೆ ನೆಲದಲ್ಲೇ ಕೂತು, ಟಾರ್ಚ್ ಹಿಡಿದು ಒಂದೊಂದೇ ಟೈರಿನ ಮಗ್ಗುಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಹೀಟರಿನ ಕಡೆಗಿದ್ದ ಎರಡರಲ್ಲಿ ಬಿರುಕುಗಳು ಬಾಯಿ ಬಿಟ್ಟಿದ್ದವು.

“ಇವು ಆಗಲ್ಲ.”

“ನಿಧಾನಕ್ಕೆ ಹೋಗ್ತೀನಕ್ಕ.”

“ನಿಧಾನಕ್ಕೆ ಸಾಯ್ತೀರಿ.”

ಗೋಡೆಯ ಮೇಲೆ ನಮ್ಮದೇ ಕಟ್ಟಡದ ಸ್ಪಾಸ್‌ನ ಟೈರುಗಳು ನೇತಾಡುತ್ತಿದ್ದವು. ನನ್ನದೇ ಮಾದರಿಯ ಕಾರು ಅವನದು. ಅದರ ಎಂಜಿನ್ ಬಿಚ್ಚಿಟ್ಟು, ಮೇಲೆ ಟಾರ್ಪಾಲು ಹೊದಿಸಿ, ಕೆಲಸಕ್ಕೆಂದು ಜರ್ಮನಿಗೆ ಹೋಗಿದ್ದ. ವೆಲಿಚ್ಕಕ್ಕ ಅವನಿಗೆ ಫೋನ್ ಹಚ್ಚಿದಳು. ಅವನು ಎತ್ತಲಿಲ್ಲ. ಮತ್ತೆ ಹಚ್ಚಿದಳು, ಎತ್ತಲಿಲ್ಲ.

“ಇಳಿಸು. ನಿನ್ನದೂ ಅವನದೂ ಬೆರಕೆ ಬೇಡ, ನಾಲ್ಕೂ ಇಳಿಸು,” ಅಂದಳು.

“ಸ್ಪಾಸ್‌ಗೆ ಏನಂತ ಹೇಳ್ತೀಯೆ?” ಗಾಂಚೋ ಕೇಳಿದ.

“ಕದ್ದೆ ಅಂತ.”

ಘಟ್ಟದ ಮೇಲೆ ಲಾರಿಯೊಂದು ಅಡ್ಡಡ್ಡ ಮಲಗಿತ್ತು. ಅದರ ಪಕ್ಕ ನುಸುಳುವಾಗ ಕಾರು ಪ್ರಪಾತದ ಕಡೆಗೆ ಒಂದು ಮೊಳ ಜಾರಿತು. ರಾಡ್ಕಾ ನನ್ನ ತೋಳು ಹಿಡಿದಳು. ಆಮೇಲೆ ಟೈರು ನೆಲ ಕಚ್ಚಿತು, ನಾವು ದಾಟಿದೆವು.

ಹೊತ್ತು ಮುಳುಗುವಾಗ ವಾಪಸ್ಸು ಬಂದರೆ ವೆಲಿಚ್ಕಕ್ಕ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ರಾಡ್ಕಾ ಇಳಿದಾಗ ಆಕೆ ಮೊದಲು ನೋಡಿದ್ದು ಪಾದಗಳನ್ನು. ಊತ ಇಳಿದಿತ್ತು. ಊರನ್ನೆಲ್ಲ ಬೈಯುವ ಆ ಹೆಂಗಸು ಮುಖ ಮುಚ್ಚಿಕೊಂಡು ಅತ್ತಳು.

ಕ್ರಿಸ್ಮಸ್ಸಿಗೆ ಬಂದ ಸ್ಪಾಸ್ ಪೆಟ್ಟಿಗೆ ಕೆಳಗಿಡುವ ಮೊದಲೇ ವೆಲಿಚ್ಕಕ್ಕ ಎಲ್ಲ ಹೇಳಿ, ನಿಯಮ ಮುರಿದವಳಿಗೆ ಇದು ಬೇಡವೆಂದು ಬೀಗದಕೈಯನ್ನು ಅವನ ಮುಂದೆ ಚಾಚಿದಳು. ಅವನು ನಕ್ಕು, ಅದನ್ನು ಆಕೆಯ ಮುಷ್ಟಿಯಲ್ಲೇ ಮುಚ್ಚಿಟ್ಟ. ಮಗಳ ಮದುವೆಗೆ ಅಂಗಡಿಯ ವೈನು ಬಂತು. ಗಾಂಚೋ ಅದನ್ನು ಪ್ರತಿ ಗುಟುಕಿಗೂ ಬೈದುಕೊಂಡೇ ಕುಡಿದ.

ಗೆಯೋರ್ಗಿಯ ಹಬ್ಬಕ್ಕೆ ನನ್ನ ಹೊಸ ಟೈರುಗಳನ್ನು ತೊಳೆದು ಒಯ್ದೆ. ವೆಲಿಚ್ಕಕ್ಕ ಸೀಮೆಸುಣ್ಣ ತೆಗೆದು ನಾಲ್ಕರ ಮೇಲೂ ‘ರಾಡ್ಕಾ’ ಎಂದು ಬರೆದಳು.

“ಅಕ್ಕಾ, ಟೈರು ನನ್ನದಲ್ವಾ?”

“ನಿನ್ನ ಹೆಸರಿದ್ರೆ ಇದು ಬರೀ ಟೈರು ಕಣೋ,” ಅಂದಳು. “ಅವಳ ಹೆಸರಿದ್ರೆ ಯಾವನೂ ಇದ್ರ ಮೇಲೆ ಪೀಪಾಯಿ ಇಡಲ್ಲ.”