ತವರಿಗೆ ಹೋಗಿದ್ದಾಳೆ ಎಂಬ ಸುಳ್ಳು

ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುತ್ತ ಕೂತವರಿಗೆ ಗೋಡೆಯ ಟಿವಿ ನೋಡದೆ ಬೇರೆ ದಾರಿಯಿಲ್ಲ, ನಿಮಗೂ ಗೊತ್ತು. ಮೊನ್ನೆ ಅದರಲ್ಲಿ ಯಾವುದೋ ಇಂಗ್ಲಿಷ್ ಸಿನಿಮಾ. ದನಿ ಇಲ್ಲ, ಕೆಳಗೆ ಅಕ್ಷರ ಮಾತ್ರ ಓಡುತ್ತಿತ್ತು. ನಾನು ಅದನ್ನು ಕನ್ನಡ ಮಾಡಿ ಗೊಣಗುತ್ತಿದ್ದೆನೆಂದು ತಿಳಿದದ್ದು, ಪಕ್ಕದ ಹೆಂಗಸು ತನ್ನ ಕುರ್ಚಿಯನ್ನು ತುಸು ದೂರ ಎಳೆದುಕೊಂಡಾಗ. ತಪ್ಪು ನನ್ನದಲ್ಲ, ದೋಹಾದ್ದು.

ತೊಂಬತ್ತರ ದಶಕದಲ್ಲಿ ಆ ಊರಿನ ಅಲ್ ಮನ್ಸೂರಾ ಬಡಾವಣೆಯ ಒಂದು ಕೋಣೆಯಲ್ಲಿ ನಾವು ಮೂವರಿದ್ದೆವು. ನಾನು ಕಟ್ಟಡಗಳ ನಕ್ಷೆ ಬರೆಯುವವನು. ಬಾಗಲಕೋಟೆ ಕಡೆಯ ಬಸವರಾಜಣ್ಣ ಪೈಪ್‌ಲೈನಿನಲ್ಲಿ ವೆಲ್ಡರ್. ಬಂಟ್ವಾಳದ ಹಮೀದ್ ಬಟ್ಟೆಯಂಗಡಿಯಲ್ಲಿ ಸೇಲ್ಸ್‌ಮನ್. ಶುಕ್ರವಾರ ರಜೆ. ಹಮೀದ್ ಜುಮ್ಮಾ ನಮಾಜು ಮುಗಿಸಿ ಬಿರಿಯಾನಿ ತರುವುದು, ನಮಗಿಬ್ಬರಿಗೆ ಕೋಳಿಯದು, ಬಸವರಾಜಣ್ಣನಿಗೆ ತರಕಾರಿಯದು. ನಾನು ಬಾಡಿಗೆಗೆ ವಿಡಿಯೋ ಕ್ಯಾಸೆಟ್ ತರುವುದು. ಇಂಗ್ಲಿಷ್ ಚಿತ್ರವಾದರೆ ಜೊತೆಜೊತೆಗೇ ಕನ್ನಡದಲ್ಲಿ ಹೇಳುತ್ತ ಹೋಗುವುದೂ ನನ್ನದೇ ಕೆಲಸ. ನನ್ನ ಇಂಗ್ಲಿಷಿನ ಮೇಲೆ ನನಗಿಂತ ಅವರಿಗೇ ಹೆಚ್ಚು ನಂಬಿಕೆ. ತಿಳಿಯದ ಕಡೆ ನಾನು ಸ್ವಂತ ಕಥೆ ಹೊಲಿದುಬಿಡುತ್ತಿದ್ದೆ.

ಒಂದು ವರ್ಷ ಬಸವರಾಜಣ್ಣನ ಹೆಂಡತಿ ಊರಿನಲ್ಲಿ ತೀರಿಕೊಂಡರು. ದೇಶ ಬಿಡಲು ಕಂಪನಿ ಕೊಡಬೇಕಾದ ಕಾಗದ ಅವನ ಕೈಗೆ ಬರುವ ಹೊತ್ತಿಗೆ ಮಣ್ಣು ಮಾಡಿ ಮೂರು ದಿನವಾಗಿತ್ತು. "ಇನ್ನ ಹೋಗಿ ಯಾರ ಮಾರಿ ನೋಡ್ಲಿ" ಎಂದವನು ಮರುದಿನ ಡ್ಯೂಟಿಗೆ ಹೋದ. ಅಳಲಿಲ್ಲ. ಮಾತು ನಿಂತಿತು, ಊಟ ಅರ್ಧಕ್ಕೆ ಇಳಿಯಿತು, ಅಂಗಿ ಸಡಿಲವಾಗುತ್ತ ಬಂತು. ನಾನೂ ಹಮೀದನೂ ಸೇರಿ ತೀರ್ಮಾನಿಸಿದೆವು: ಅವನೆದುರು ಹೆಂಡತಿಯ ಸುದ್ದಿಯನ್ನೇ ಎತ್ತಕೂಡದು. ನನ್ನ ಹೆಂಡತಿಯ ಕಾಗದ ಬಂದರೆ ಬಾತ್‌ರೂಮಿನಲ್ಲಿ ನಿಂತು ಓದುತ್ತಿದ್ದೆ. ಹೀಗೆ ನಾಲ್ಕು ತಿಂಗಳು. ನಮ್ಮ ಒಳ್ಳೆಯತನದ ಬಗ್ಗೆ ನಮಗೇ ಹೆಮ್ಮೆ. ಅವನು ಮಾತ್ರ ದಿನೇ ದಿನೇ ಕರಗುತ್ತಿದ್ದ, ನೋಡಿದರೆ ಭಯವಾಗುತ್ತಿತ್ತು.

ಅಂಥದೊಂದು ಶುಕ್ರವಾರ ಆಸ್ಟ್ರೇಲಿಯಾದ ಚಿತ್ರ ತಂದೆ. ಡಬ್ಬಿಯ ಮೇಲೆ ಕುದುರೆ, ಕೆಂಪು ಮಣ್ಣು, ಟೊಪ್ಪಿಗೆಯ ಗಂಡಸು. "ಫುಲ್ ಫೈಟಿಂಗ್ ಹೈ ಭಾಯ್" ಎಂದಿದ್ದ ಕ್ಯಾಸೆಟ್ ಅಂಗಡಿಯ ಮಲಯಾಳಿ. ಹತ್ತು ನಿಮಿಷ ಕಳೆದರೂ ಟೊಪ್ಪಿಗೆಯವನು ಯಾರನ್ನೂ ಹೊಡೆಯಲಿಲ್ಲ. ಕುರಿಗಳಿಗೆ ನೀರು ಬಿಟ್ಟ, ಮನೆಗೆ ಬಂದ, ಸುಮ್ಮನೆ ಕೂತ. ಅವರ ಇಂಗ್ಲಿಷು ಮೂಗಿನಿಂದ ಹೊರಡುತ್ತಿತ್ತು, ಅರ್ಧ ತಿಳಿಯಲಿಲ್ಲ. ತಿಳಿದ ಅರ್ಧದಲ್ಲಿ ಒಂದು ಮಾತ್ರ ಖಚಿತವಾಗಿತ್ತು. ಅವನ ಹೆಂಡತಿ ಸತ್ತಿದ್ದಳು.

"ಇವನ ಹೇಣ್ತಿ ಎಲ್ಲಿ ಹೋಗ್ಯಾಳ್ರಿ?" ಬಸವರಾಜಣ್ಣ ಕೇಳಿದ. ಆ ವಾರವೆಲ್ಲ ಅವನಾಡಿದ್ದರಲ್ಲಿ ಅದೇ ಉದ್ದನೆಯ ಮಾತು.

"ತವರಿಗೆ ಹೋಗಿದ್ದಾಳೆ" ಎಂದೆ.

ಪರದೆಯ ಮೇಲೆ ನೆರೆಹೊರೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ಮುಚ್ಚಿದ ಪಾತ್ರೆಗಳಲ್ಲಿ ಅಡುಗೆ ಇಟ್ಟು ಹೋದರು. ಏನೋ ಹಬ್ಬವಂತೆ ಎಂದು ಅದಕ್ಕೂ ಒಂದು ತೇಪೆ ಹಚ್ಚಿದೆ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆಂಟರು, ಓಣಿಯವರು ಬುತ್ತಿ ತಂದುಕೊಡುತ್ತಾರೆ ಎಂಬುದು ಬಾಗಲಕೋಟೆಯವನಿಗೆ ತಿಳಿಯದೆ? ಆ ಬುದ್ಧಿ ನನಗಾಗ ಹೊಳೆಯಲಿಲ್ಲ. ಇನ್ನು ಹಮೀದ್ ಮದ್ರಸದಲ್ಲಿ ಅರಬಿ ಕಲಿತವನು. ನಾನು ಹೇಳುತ್ತಿರುವಾಗ ಪರದೆಯ ಕೆಳಗೆ ಓಡುವ ಅರಬಿ ಸಾಲುಗಳನ್ನು ಅವನು ಓದುತ್ತಲೇ ಇರಲಿಲ್ಲ. ಅಂದೇ ಯಾಕೋ ಓದಿದ.

"ಎಂತ ಹಬ್ಬ ಮಾರಾಯ್ರೆ? ಅವಳು ತೀರಿಹೋದದ್ದು ಅಂತ ಅರಬಿಯಲ್ಲಿ ಬರೆದುಂಟಲ್ಲ" ಎಂದುಬಿಟ್ಟು ತುಟಿ ಕಚ್ಚಿಕೊಂಡ.

ನಾನು ಟಿವಿ ಆರಿಸಲು ಎದ್ದೆ.

"ಕುಂದರ್ರಿ" ಎಂದ ಬಸವರಾಜಣ್ಣ. "ಬುತ್ತಿ ಬಂದಾಗನ ನನಗ ತಿಳೀತು. ಇನ್ನ ಮುಂದ ಖರೇ ಹೇಳ್ರಿ."

ಖರೆಯನ್ನೇ ಹೇಳಿದೆ. ಟೊಪ್ಪಿಗೆಯವನು ತನ್ನ ನಾಯಿಯ ಎದುರು ಕೂತು, ಅವಳು ತನ್ನನ್ನು ಹೇಗೆಲ್ಲ ಬೈಯುತ್ತಿದ್ದಳೆಂದು ಹೇಳತೊಡಗಿದಾಗ ಆ ಬೈಗುಳಗಳನ್ನೂ ಬಿಡದೆ ಕನ್ನಡ ಮಾಡಿದೆ.

"ಅವಗ ಕೇಳಾಕ ನಾಯಿಯರ ಐತಿ" ಎಂದ ಬಸವರಾಜಣ್ಣ, ಪರದೆ ನೋಡುತ್ತಲೇ. "ನೀವಿಬ್ರೂ ನಾಕು ತಿಂಗಳಾತು, ಒಮ್ಮೆನೂ ಕೇಳಲಿಲ್ಲ."

ನನಗೆ ನಾಚಿಕೆಯಾಯಿತು. ಹಮೀದ್ ಅವನ ಪಕ್ಕಕ್ಕೆ ಸರಿದು ಕೂತು, "ಹೇಳಿ ಅಣ್ಣ" ಎಂದ.

ಅಷ್ಟು ವರ್ಷ ಬಸವರಾಜಣ್ಣ ಹೆಂಡತಿಯನ್ನು 'ನಮ್ಮನ್ಯಾಗಿನಾಕಿ' ಎಂದದ್ದೇ ಹೊರತು ಬೇರೇನೂ ಅಂದವನಲ್ಲ. "ಅಕಿ ಹೆಸರು ಗಂಗವ್ವ" ಎಂದ ಈಗ. "ಲಗ್ನದಾಗ ಮಂದಿ ಗಂಟುಬಿದ್ದು ಹೇಣ್ತಿ ಹೆಸರ ಕೂಡಿಸಿ ಒಡಪು ಹೇಳಸ್ತಾರಲ್ರಿ, ಆವಾಗೊಮ್ಮೆ ಹೆಸರ ಹಿಡಿದಿದ್ದೆ. ಆಮ್ಯಾಲ ಇವತ್ತ."

ಇಷ್ಟು ಹೇಳಿ ಅತ್ತ. ಆಮೇಲೆ ಸಂಜೆಯವರೆಗೂ ಗಂಗವ್ವನದೇ ಮಾತು. ರೊಟ್ಟಿ ಬಡಿಯುವಾಗ ಯಾರಾದರೂ ಒಲೆಯ ಹತ್ತಿರ ಸುಳಿದರೆ ಸಿಡುಕುತ್ತಿದ್ದುದು, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಲು ಗಂಡನೊಡನೆ ಜಗಳವಾಡುತ್ತಿದ್ದುದು. ಒಂದೆರಡು ಕಡೆ ನಾವು ಮೂವರೂ ನಕ್ಕೆವು. ಕೊನೆಗೆ ಅವನು ಆರಿ ತಣ್ಣಗಾದ ಬಿರಿಯಾನಿಯನ್ನು ತಟ್ಟೆ ಖಾಲಿಯಾಗುವವರೆಗೆ ಉಂಡ. ಚಿತ್ರದ ಕೊನೆ ಏನಾಯಿತೋ ನನಗೆ ಇಂದಿಗೂ ಗೊತ್ತಿಲ್ಲ.

ಇಷ್ಟೆಲ್ಲ ಕಲಿತವನು ದೊಡ್ಡ ಮನುಷ್ಯನಾದನೆಂದು ನೀವು ತಿಳಿಯಬೇಡಿ. ನಮ್ಮ ಎದುರು ಮನೆಯ ಮೇಷ್ಟ್ರ ಹೆಂಡತಿ ತೀರಿಹೋಗಿ ಎರಡು ತಿಂಗಳಾಯಿತು. ಅವರು ಎದುರಾದಾಗಲೆಲ್ಲ ನಲ್ಲಿಯಲ್ಲಿ ನೀರು ಬಾರದ್ದನ್ನು ಮಾತಾಡಿ ಜಾರಿಕೊಳ್ಳುತ್ತಿದ್ದೆ. ಮೊನ್ನೆ ಕ್ಲಿನಿಕ್ಕಿನಿಂದ ಬಂದವನು, ಮರಗಟ್ಟಿದ ಬಾಯಲ್ಲೇ ಅವರ ಬಾಗಿಲು ತಟ್ಟಿದೆ.

"ಮೇಷ್ಟ್ರೇ, ನಿಮ್ಮ ಮನೆಯವರ ಹೆಸರೇನು? ಇಷ್ಟು ವರ್ಷವಾದರೂ ನಾನು ಕೇಳಲೇ ಇಲ್ಲ."

ಅವರು ಬಾಗಿಲನ್ನು ಪೂರ್ತಿ ತೆರೆದರು. ಆಮೇಲೆ ಕುರ್ಚಿಯ ಮೇಲಿದ್ದ ಪೇಪರ್ ರಾಶಿಯನ್ನು ಎತ್ತಿಕೊಂಡು ಕೇಳಿದರು:

"ಕೂತ್ಕೊಳ್ಳೋಕೆ ಪುರುಸೊತ್ತಿದೆಯಾ ನಿಮಗೆ?"